ಆರನೇ ತರಗತಿಗೆ ಯಾವ ಸರ್ಕಾರಿ ಶಾಲೆ? ಗೋಡೆಯ ಬಣ್ಣಕ್ಕಿಂತ ಮೊದಲು ವೇಳಾಪಟ್ಟಿ ನೋಡಿ

ಓದುಗರ ಪ್ರಶ್ನೆ: ನಾವು ತಿಪಟೂರು ತಾಲ್ಲೂಕಿನ ಹಳ್ಳಿಯೊಂದರವರು, ತೆಂಗಿನ ತೋಟವೇ ಜೀವನ. ನಮ್ಮೂರಿನದು ಕಿರಿಯ ಪ್ರಾಥಮಿಕ ಶಾಲೆ, ಐದನೇ ತರಗತಿಯವರೆಗೆ ಮಾತ್ರ ಇದೆ. ಮಗಳು ಈ ವರ್ಷ ಐದು ಮುಗಿಸುತ್ತಾಳೆ. ಮುಂದಕ್ಕೆ ಮೂರು ಸರ್ಕಾರಿ ಶಾಲೆಗಳು ಎಟಕುವಷ್ಟು ದೂರದಲ್ಲಿವೆ. ಪಕ್ಕದ ಊರಿನಲ್ಲಿ, ಎರಡು ಕಿಲೋಮೀಟರ್ ದೂರದಲ್ಲಿ, ಏಳನೇ ತರಗತಿಯವರೆಗಿನ ಹಿರಿಯ ಪ್ರಾಥಮಿಕ ಶಾಲೆಯಿದೆ. ಅಲ್ಲಿ 46 ಮಕ್ಕಳು, ಮೂವರು ಶಿಕ್ಷಕರು. ಆರು ಕಿಲೋಮೀಟರ್ ದೂರದ ಪೇಟೆಯಲ್ಲಿ ಎಂಟನೇ ತರಗತಿಯವರೆಗಿನ ಶಾಲೆಯಿದೆ. 240 ಮಕ್ಕಳು, ಎಂಟು ಜನ ಕಾಯಂ ಶಿಕ್ಷಕರು, ಆದರೆ ಗಣಿತ–ವಿಜ್ಞಾನಕ್ಕೆ ಎರಡು ವರ್ಷದಿಂದ ಅತಿಥಿ ಶಿಕ್ಷಕರೇ ಇದ್ದಾರಂತೆ. ಮೂರನೆಯದು ಒಂಬತ್ತು ಕಿಲೋಮೀಟರ್ ದೂರದ ಹಳ್ಳಿಯಲ್ಲಿರುವ ಕರ್ನಾಟಕ ಪಬ್ಲಿಕ್ ಶಾಲೆ. ಸುಮಾರು 700 ಮಕ್ಕಳು, ಇಂಗ್ಲಿಷ್ ಮಾಧ್ಯಮದ ವಿಭಾಗವೂ ಇದೆ, ಕನ್ನಡ ಮಾಧ್ಯಮದ ಆರನೇ ತರಗತಿಯಲ್ಲೇ 52 ಮಕ್ಕಳಿದ್ದಾರೆ. ಮೂರರಲ್ಲಿ ಯಾವುದು ಒಳ್ಳೆಯದು ಎಂದು ತಿಳಿಯುವುದು ಹೇಗೆ? ಸರ್ಕಾರದ ಕಡೆಯಿಂದ ಶಾಲೆಗಳ ದರ್ಜೆಯ ಪಟ್ಟಿ ಏನಾದರೂ ಸಿಗುತ್ತದೆಯೇ?

ತಜ್ಞರ ಉತ್ತರ:

ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಆರರಿಂದ ಎಂಟನೇ ತರಗತಿಯವರೆಗಿನ ಕಲಿಕೆಯನ್ನು ಅಳೆದು, ಪೋಷಕರು ನಂಬಿ ಬಳಸಬಹುದಾದ ಶಾಲಾವಾರು ದರ್ಜೆಯ ಪಟ್ಟಿ ನಮ್ಮ ರಾಜ್ಯದಲ್ಲಿಲ್ಲ. ನಿಮ್ಮ ತಂದೆತಾಯಿಯ ಕಾಲದಲ್ಲಿ ಏಳನೇ ತರಗತಿಗೆ ಪಬ್ಲಿಕ್ ಪರೀಕ್ಷೆ ಇತ್ತು. ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ ಕಿತ್ತೂರು ಕರ್ನಾಟಕದ ಹಿರಿಯರು ಅದನ್ನು ಇಂದಿಗೂ ಮುಲ್ಕಿ ಪರೀಕ್ಷೆ ಎಂದೇ ಕರೆಯುತ್ತಾರೆ. ಈಗ ಅದಿಲ್ಲ. 2023ರ ಮಾರ್ಚ್‌ನಲ್ಲಿ ಐದು ಮತ್ತು ಎಂಟನೇ ತರಗತಿಗಳಿಗೆ ಮಂಡಳಿಯ ಮಟ್ಟದ ಮೌಲ್ಯಾಂಕನ ನಡೆಯಿತಾದರೂ ಮರುವರ್ಷದ ಪ್ರಯತ್ನವು ಸುಪ್ರೀಂ ಕೋರ್ಟಿನವರೆಗೆ ಹೋಗಿ ಫಲಿತಾಂಶಕ್ಕೆ ತಡೆ ಬಿತ್ತು. 2021ರ ನವೆಂಬರ್‌ನ ರಾಷ್ಟ್ರೀಯ ಸಾಧನಾ ಸಮೀಕ್ಷೆಯಾಗಲಿ, ಮೂರು, ಆರು ಮತ್ತು ಒಂಬತ್ತನೇ ತರಗತಿಗಳಿಗೆ 2024ರ ಡಿಸೆಂಬರ್‌ನಲ್ಲಿ ನಡೆದ ಪರಖ್ ಸಮೀಕ್ಷೆಯಾಗಲಿ, ಆಯ್ದ ಶಾಲೆಗಳ ಆಯ್ದ ಮಕ್ಕಳನ್ನು ಪರೀಕ್ಷಿಸಿ ಜಿಲ್ಲೆಯ ಮತ್ತು ರಾಜ್ಯದ ಚಿತ್ರವನ್ನು ಕೊಡುತ್ತವೆಯೇ ಹೊರತು ನಿಮ್ಮ ಪಕ್ಕದೂರಿನ ಶಾಲೆ ಹೇಗಿದೆ ಎಂದು ಹೇಳುವುದಿಲ್ಲ. ತುಮಕೂರು ಜಿಲ್ಲೆಯ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ನಿಮ್ಮ ಮಗಳು ಕೂರುವುದು ಒಂದು ಕೊಠಡಿಯಲ್ಲಿ, ಒಬ್ಬ ಶಿಕ್ಷಕರ ಎದುರಿನಲ್ಲಿ.

ಪಟ್ಟಿ ಇಲ್ಲದಿರುವುದರಿಂದ ಪೋಷಕರು ಸಾಮಾನ್ಯವಾಗಿ ಎದ್ದು ಕಾಣುವ ಸಂಗತಿಗಳ ಮೊರೆ ಹೋಗುತ್ತಾರೆ: ಕಟ್ಟಡ, ಅದೇ ಆವರಣದ ಪ್ರೌಢಶಾಲೆಯ ಎಸ್‌ಎಸ್‌ಎಲ್‌ಸಿ ಫಲಿತಾಂಶ, ಮತ್ತು ಎಲ್ಲರ ಮಕ್ಕಳೂ ಎಲ್ಲಿಗೆ ಹೋಗುತ್ತಿದ್ದಾರೆ ಎಂಬ ಮಾತು. ಕಟ್ಟಡದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸೋರದ ಸೂರು, ಬೆಳಕು, ಕುಡಿಯುವ ನೀರು ಇದ್ದರೆ ಸಾಕು. ರೈಲು ಬೋಗಿಯಂತೆ ಬಣ್ಣ ಬಳಿದ ಗೋಡೆಯಿಂದ ಭಿನ್ನರಾಶಿ ಬರುವುದಿಲ್ಲ.

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಹೇಳಬೇಕು, ಏಕೆಂದರೆ ಕರ್ನಾಟಕ ಪಬ್ಲಿಕ್ ಶಾಲೆಯ ಫಲಕದಲ್ಲಿ ನೀವು ಮೊದಲು ಓದುವುದೇ ಅದನ್ನು. ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇ 83.89 ಇದ್ದದ್ದು 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕಗಳನ್ನು ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ರಾಜ್ಯದ ಶಿಕ್ಷಕರೆಲ್ಲ ಪಾಠ ಮಾಡುವುದನ್ನು ಮರೆತಿರಲಿಲ್ಲ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಲಾಗಿತ್ತು. ಮೇಲ್ವಿಚಾರಣೆ ಬದಲಾದ ಕೂಡಲೇ ಹತ್ತು ಅಂಶ ಕುಸಿಯುವ ಸಂಖ್ಯೆಯನ್ನು ನಂಬಿ ಶಾಲೆ ಆರಿಸುವುದು ಕಷ್ಟ. ಅದೂ ಅಲ್ಲದೆ ಹತ್ತನೇ ತರಗತಿಯ ಫಲಿತಾಂಶವು ಪ್ರೌಢಶಾಲೆಯ ಶಿಕ್ಷಕರದ್ದು. ಆರು–ಏಳನೇ ತರಗತಿಗೆ ಬರುವವರು ಬೇರೆ ಶಿಕ್ಷಕರು. ಆವರಣ ಒಂದೇ ಆಗಿದ್ದರೂ ಒಳಗಿರುವುದು ಎರಡು ಶಾಲೆ ಎಂದೇ ತಿಳಿಯಿರಿ.

ಹಾಗಾದರೆ ಏನನ್ನು ನೋಡಬೇಕು? ಕ್ಷೇತ್ರ ಸಂಪನ್ಮೂಲ ವ್ಯಕ್ತಿಯಾಗಿ, ಆಮೇಲೆ ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆಯಾದ ಡಯಟ್‌ನಲ್ಲಿ ಉಪನ್ಯಾಸಕನಾಗಿ ಹಿರಿಯ ಪ್ರಾಥಮಿಕ ಶಾಲೆಗಳನ್ನು ಸುತ್ತಿದ ಅನುಭವದಿಂದ ನಾನು ಕಂಡುಕೊಂಡದ್ದು ಇಷ್ಟು: ಆರರಿಂದ ಎಂಟನೇ ತರಗತಿಯ ಮಟ್ಟಿಗೆ ಶಾಲೆ ಎಂದರೆ ಆ ಮೂರು ತರಗತಿಗಳಿಗೆ ದಿನವೂ ಬರುವ ವಿಷಯ ಶಿಕ್ಷಕರು, ಅಷ್ಟೇ. ಒಂದರಿಂದ ಐದರವರೆಗೆ ಒಬ್ಬ ಒಳ್ಳೆಯ ಶಿಕ್ಷಕಿ ಎಲ್ಲ ವಿಷಯಗಳನ್ನೂ ಕಲಿಸಬಲ್ಲರು, ಕಲಿಸುತ್ತಲೂ ಇದ್ದಾರೆ. ಆರರಿಂದ ಪಾಠದ ಸ್ವರೂಪವೇ ಬೇರೆ. ಋಣ ಸಂಖ್ಯೆ, ಬೀಜಗಣಿತ, ವಿಜ್ಞಾನದ ಪ್ರಯೋಗ, ಮೂರನೆಯ ಭಾಷೆ, ಇವೆಲ್ಲ ಒಟ್ಟಿಗೇ ಶುರುವಾಗುತ್ತವೆ. ಇದನ್ನು ಗಮನದಲ್ಲಿಟ್ಟುಕೊಂಡೇ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಐದರವರೆಗೆ ಒಂದು ಲೆಕ್ಕವನ್ನೂ ಆರರಿಂದ ಎಂಟಕ್ಕೆ ಇನ್ನೊಂದು ಲೆಕ್ಕವನ್ನೂ ಇಟ್ಟಿದೆ. ಮೇಲಿನ ತರಗತಿಗಳಲ್ಲಿ ತರಗತಿಗೆ ಕನಿಷ್ಠ ಒಬ್ಬ ಶಿಕ್ಷಕರಿರಬೇಕು. ಅವರಲ್ಲಿ ಗಣಿತ–ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. 35 ಮಕ್ಕಳಿಗೆ ಒಬ್ಬರಂತೆ ಸಂಖ್ಯೆ ಹೊಂದಬೇಕು. ಮಕ್ಕಳು ನೂರಕ್ಕಿಂತ ಹೆಚ್ಚಿದ್ದರೆ ಪೂರ್ಣಾವಧಿಯ ಮುಖ್ಯಶಿಕ್ಷಕರೂ ಬೇಕು. ವರ್ಷಕ್ಕೆ 220 ದಿನ, 1000 ಗಂಟೆಗಳ ಪಾಠ ನಡೆಯಬೇಕು.

ಈ ಅಳತೆಗೋಲನ್ನು ನೀವು ಕೊಟ್ಟಿರುವ ಅಂಕಿಗಳ ಮೇಲೆ ಇಟ್ಟು ನೋಡೋಣ. ಪಕ್ಕದೂರಿನ ಶಾಲೆಯಲ್ಲಿ 46 ಮಕ್ಕಳಿಗೆ ಮೂವರು, ಅಂದರೆ ಸುಮಾರು 15 ಮಕ್ಕಳಿಗೆ ಒಬ್ಬರು. ಕಾಗದದ ಮೇಲೆ ಇದಕ್ಕಿಂತ ಚಂದದ ಅನುಪಾತ ಬೇಕೇ? ಆದರೆ ಏಳು ತರಗತಿ, ಮೂವರು ಶಿಕ್ಷಕರು. ಇಂಥ ಶಾಲೆಗಳಲ್ಲಿ ಸಾಮಾನ್ಯವಾಗಿ ಒಬ್ಬರು ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕಲಿಯುವ ನಲಿಕಲಿ ಕೊಠಡಿಯಲ್ಲಿರುತ್ತಾರೆ, ಇನ್ನೊಬ್ಬರು ನಾಲ್ಕು–ಐದನ್ನು ನೋಡಿಕೊಳ್ಳುತ್ತಾರೆ, ಮೂರನೆಯವರಿಗೆ ಆರು–ಏಳು ಸೇರುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜ ಎಂದು ಆರು ವಿಷಯ, ಎರಡು ತರಗತಿ. ಒಬ್ಬರ ತಲೆಯ ಮೇಲೆ ಹನ್ನೆರಡು ಪಾಠದ ಹೊರೆ. ಆರನೆಯವರಿಗೆ ಪಾಠ ಮಾಡುವಾಗ ಏಳನೆಯವರು ಬರೆಯುತ್ತಿರುತ್ತಾರೆ, ಏಳನೆಯವರಿಗೆ ಮಾಡುವಾಗ ಆರನೆಯವರು. ಕಾಯ್ದೆ ಹೇಳುವ ಸಾವಿರ ಗಂಟೆ ನಿಮ್ಮ ಮಗಳ ಪಾಲಿಗೆ ಐನೂರಾಗುತ್ತದೆ. ಆ ಮೂವರಲ್ಲಿ ಒಬ್ಬರು ಪ್ರಭಾರ ಮುಖ್ಯಶಿಕ್ಷಕರೂ ಆಗಿರುವುದರಿಂದ ಸಭೆ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲಾತಿ ಎಂದು ವಾರದಲ್ಲಿ ಒಂದೆರಡು ದಿನ ಅವರೂ ಕೊಠಡಿಯಲ್ಲಿರುವುದಿಲ್ಲ. ಆ ಪ್ರಭಾರ ಆರು–ಏಳರವರ ಹೆಗಲಿಗೇ ಬಿದ್ದಿದ್ದರೆ ಐನೂರೂ ಉಳಿಯದು.

ಆದ್ದರಿಂದ ಶಾಲೆಗೆ ಹೋದಾಗ ‘ಎಷ್ಟು ಜನ ಮೇಷ್ಟ್ರು ಇದ್ದಾರೆ’ ಎಂದು ಕೇಳಬೇಡಿ. ‘ಆರು, ಏಳು, ಎಂಟಕ್ಕೆ ಎಷ್ಟು ಜಿಪಿಟಿ ಹುದ್ದೆ ಮಂಜೂರಾಗಿವೆ, ಅದರಲ್ಲಿ ಎಷ್ಟು ಜನ ಈಗ ಇದ್ದಾರೆ’ ಎಂದು ಕೇಳಿ. ಪದವೀಧರ ಪ್ರಾಥಮಿಕ ಶಿಕ್ಷಕರನ್ನು ಇಲಾಖೆಯಲ್ಲಿ ಜಿಪಿಟಿ ಎನ್ನುತ್ತಾರೆ. ಆರರಿಂದ ಎಂಟಕ್ಕೆಂದೇ ನೇಮಕವಾಗುವವರು ಇವರು. ಗಣಿತ ಮತ್ತು ವಿಜ್ಞಾನ, ಜೀವವಿಜ್ಞಾನ, ಸಮಾಜ ಪಾಠ, ಇಂಗ್ಲಿಷ್ ಎಂದು ವಿಷಯವಾರು ಹುದ್ದೆಗಳಿರುತ್ತವೆ. 2022ರಲ್ಲಿ ಇಂಥ 15,000 ಹುದ್ದೆಗಳಿಗೆ ಅರ್ಜಿ ಕರೆದದ್ದು ನಿಮಗೆ ನೆನಪಿರಬಹುದು. ಹಾಗೆ ಬಂದವರು ನಿಮ್ಮ ಮೂರು ಶಾಲೆಗಳಲ್ಲಿ ಯಾವುದರಲ್ಲಿದ್ದಾರೆ ಎಂಬುದು ಕೇಳತಕ್ಕ ಪ್ರಶ್ನೆ. ಪಿಎಸ್‌ಟಿ ಎಂದು ಕರೆಯಲಾಗುವ ಒಂದರಿಂದ ಐದರ ಶಿಕ್ಷಕರಲ್ಲಿ ಎಷ್ಟೋ ಮಂದಿ ಪದವೀಧರರೇ, ಆರು–ಏಳಕ್ಕೆ ವರ್ಷಗಟ್ಟಲೆ ಚೆನ್ನಾಗಿ ಪಾಠ ಮಾಡಿದವರೇ. ನಿಯಮ ಬದಲಾಗಿ ತಮ್ಮನ್ನು ಕೆಳಗಿನ ತರಗತಿಗಳಿಗೆ ಸೀಮಿತಗೊಳಿಸಿದ್ದಾರೆ ಎಂಬ ಅವರ ನೋವಿನಲ್ಲಿ ನ್ಯಾಯವಿದೆ. ಹಾಗಾಗಿ ಹುದ್ದೆಯ ಹೆಸರೊಂದನ್ನೇ ನೋಡಿ ಯಾರನ್ನೂ ಕೀಳಾಗಿ ಕಾಣಬೇಡಿ. ಗಣಿತ ಓದಿದವರು ಗಣಿತಕ್ಕೆ ಬರುತ್ತಾರೆಯೇ ಎಂಬುದನ್ನಷ್ಟೇ ತಿಳಿದುಕೊಳ್ಳಿ.

ನಿಯೋಜನೆ ಎಂಬ ಪದವನ್ನೂ ಕಿವಿಗೆ ಹಾಕಿಕೊಳ್ಳಿ. ಹಾಜರಿ ಪುಸ್ತಕದಲ್ಲಿ ಹೆಸರಿರುವ ಶಿಕ್ಷಕರು ಬೇರೆ ಶಾಲೆಗೋ ಕಚೇರಿಗೋ ನಿಯೋಜನೆಯ ಮೇಲೆ ಹೋಗಿರಬಹುದು. ಆಗ ಹುದ್ದೆ ಭರ್ತಿಯಾದದ್ದೆಂದೇ ಲೆಕ್ಕ, ಕೊಠಡಿ ಮಾತ್ರ ಖಾಲಿ.

ಪೇಟೆಯ ಶಾಲೆಯ ಅತಿಥಿ ಶಿಕ್ಷಕರ ಬಗ್ಗೆ ಒಂದು ಮಾತು. ಅತಿಥಿ ಶಿಕ್ಷಕರು ಎಂದೊಡನೆ ಪಾಠ ಕಳಪೆ ಎಂದು ತೀರ್ಮಾನಿಸಬಾರದು. ಕಡಿಮೆ ಗೌರವಧನಕ್ಕೆ, ನಾಳೆ ಇರುತ್ತೇವೆಯೋ ಇಲ್ಲವೋ ಎಂಬ ಸ್ಥಿತಿಯಲ್ಲಿ, ಕಾಯಂ ಶಿಕ್ಷಕರಷ್ಟೇ ಮನಸ್ಸಿಟ್ಟು ಕಲಿಸುವವರನ್ನು ನಾನು ಕಂಡಿದ್ದೇನೆ. ತೊಂದರೆ ಇರುವುದು ವ್ಯಕ್ತಿಯಲ್ಲಲ್ಲ, ವ್ಯವಸ್ಥೆಯಲ್ಲಿ. ಶಾಲೆ ಶುರುವಾಗಿ ಎಷ್ಟೋ ದಿನಗಳಾದ ಮೇಲೆ ಅವರ ನೇಮಕವಾಗುತ್ತದೆ, ಬೇರೆ ಕೆಲಸ ಸಿಕ್ಕಿದರೆ ನಡುವರ್ಷದಲ್ಲೇ ಹೋಗಿಬಿಡುತ್ತಾರೆ, ಮರುವರ್ಷ ಹೊಸಬರು ಬರುತ್ತಾರೆ. ಗಣಿತದಲ್ಲಿ ಹೀಗಾದರೆ ಮೊದಲ ಒಂದೆರಡು ಅಧ್ಯಾಯಗಳು ಕೈಬಿಟ್ಟು ಹೋಗಿ ಉಳಿದ ವರ್ಷವೆಲ್ಲ ಮಗು ಕುಂಟುತ್ತದೆ.

ಇದನ್ನು ಕಣ್ಣಾರೆ ಕಾಣಲು ಒಂದು ದಾರಿಯಿದೆ, ಮತ್ತು ಮೂರು ಶಾಲೆಗಳಲ್ಲೂ ನೀವು ಮಾಡಲೇಬೇಕಾದ ಕೆಲಸ ಅದು: ಆರನೇ ತರಗತಿಯ ಎರಡು ಮೂರು ಮಕ್ಕಳ ಗಣಿತ ಮತ್ತು ವಿಜ್ಞಾನದ ನೋಟ್‌ಬುಕ್ ತೆರೆದು ನೋಡಿ. ಮುಖ್ಯಶಿಕ್ಷಕರನ್ನು ಕೇಳಲು ಮುಜುಗರವಾದರೆ ಆ ಶಾಲೆಗೆ ಹೋಗುವ ನೆಂಟರ ಮಕ್ಕಳನ್ನು ಕೇಳಿದರೂ ಆದೀತು. ಮೊದಲು ದಿನಾಂಕಗಳನ್ನು ಓದಿ. ಒಮ್ಮೆ ಒಂದು ಶಾಲೆಯಲ್ಲಿ ವಿಜ್ಞಾನದ ನೋಟ್‌ಬುಕ್ ಕೈಗೆತ್ತಿಕೊಂಡಿದ್ದೆ. ಜೂನ್ 20ರ ಪಾಠದ ಮುಂದಿನ ಪುಟದಲ್ಲೇ ಆಗಸ್ಟ್ 29 ಎಂದಿತ್ತು. ನಡುವೆ ಏನೂ ಇಲ್ಲ. ಶಿಕ್ಷಕರ ಹಾಜರಾತಿ ಪುಸ್ತಕ ಹೇಳದ ಮಾತನ್ನು ಆ ಎರಡು ದಿನಾಂಕಗಳು ಹೇಳಿದ್ದವು.

ಆಮೇಲೆ ತಪ್ಪುಗಳನ್ನು ನೋಡಿ. ಎಲ್ಲ ಮಕ್ಕಳ ಪುಸ್ತಕದಲ್ಲೂ ಅದೇ ಉತ್ತರ, ಅದೇ ಸಾಲು, ಕೊನೆಗೆ ಅದೇ ಕಾಗುಣಿತದ ತಪ್ಪೂ ಇದ್ದರೆ, ಅದು ಬೋರ್ಡಿನಿಂದ ಇಳಿಸಿಕೊಂಡ ಬರಹ. ಅಲ್ಲಿ ಮಗು ಯೋಚಿಸಿಲ್ಲ. ಪ್ರತಿ ಮಗುವಿನ ತಪ್ಪು ಬೇರೆ ಬೇರೆಯಾಗಿದ್ದು, ಪಕ್ಕದಲ್ಲಿ ಶಿಕ್ಷಕರ ಕೆಂಪು ಶಾಯಿಯಿದ್ದು, ಅದರ ಕೆಳಗೆ ಮಗು ತಾನೇ ಮತ್ತೊಮ್ಮೆ ಮಾಡಿ ತೋರಿಸಿದ್ದರೆ ಆ ಕೊಠಡಿಯಲ್ಲಿ ಪಾಠ ನಡೆಯುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದದ್ದಕ್ಕೆ ‘ಸರಿ’ ಗುರುತು ಬಿದ್ದ ಪುಟವನ್ನೂ ನಾನು ನೋಡಿದ್ದೇನೆ. ಆ ಗುರುತು ಹಾಕಿದವರಿಗೆ ಗಣಿತ ಬರುವುದಿಲ್ಲ ಎಂದಲ್ಲ. ಅಧಿಕಾರಿಗಳು ಬರುವ ಹಿಂದಿನ ದಿನ ಎಪ್ಪತ್ತು ಪುಸ್ತಕಗಳಿಗೆ ಒಟ್ಟಿಗೇ ಸಹಿ ಮಾಡುವವರು ಯಾರೂ ಪುಟ ಓದುವುದಿಲ್ಲ. ಹಾಗೆ ಸಹಿ ಮಾಡಿದ ಪುಸ್ತಕದಲ್ಲಿ ಶಾಯಿಯ ಬಣ್ಣ, ದಿನಾಂಕ ಎಲ್ಲ ಒಂದೇ ತರಹ ಇರುತ್ತದೆ. ಗುರುತಿಸಲು ತಜ್ಞರೇ ಆಗಬೇಕಿಲ್ಲ.

ಆರನೇ ತರಗತಿಯ ಗೋಡೆಯ ಮೇಲಿನ ವೇಳಾಪಟ್ಟಿಯನ್ನೂ ಓದಿಕೊಳ್ಳಿ. ಯಾವ ಅವಧಿ ಯಾರದು ಎಂದು ಹೆಸರಿರುತ್ತದೆ. ಗಣಿತದ ಅವಧಿ ದಿನವೂ ಇದೆಯೇ, ಊಟಕ್ಕೆ ಮೊದಲು ಇದೆಯೇ, ಬರೆದಿರುವ ಶಿಕ್ಷಕರು ಆ ಹೊತ್ತಿನಲ್ಲಿ ಅಲ್ಲಿದ್ದಾರೆಯೇ ಎಂದು ನೋಡಿ. ಶಿಕ್ಷಕರಿಗೆ ಪಾಠವಲ್ಲದ ಕೆಲಸಗಳು ಬರುತ್ತಲೇ ಇರುತ್ತವೆ. 2025ರ ದಸರೆಯ ಹೊತ್ತಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ರಜೆಯನ್ನೇ ವಿಸ್ತರಿಸಬೇಕಾಯಿತು. ಅದು ಮೂರು ಶಾಲೆಗಳಿಗೂ ಒಂದೇ. ಆದರೆ ಮೂವರಿರುವ ಕಡೆ ಒಬ್ಬರು ಹೊರಗೆ ಹೋದರೆ ಶಾಲೆಯ ಮೂರನೇ ಒಂದು ಭಾಗವೇ ನಿಂತುಹೋಗುತ್ತದೆ. ಇಪ್ಪತ್ತು ಜನರಿರುವ ಕಡೆ ಹೊಂದಿಸಿಕೊಳ್ಳುತ್ತಾರೆ.

ಮನೆಯಲ್ಲೇ ಕುಳಿತು ನೋಡಬಹುದಾದ ಮಾಹಿತಿಯೂ ಇದೆ. ಪ್ರತಿ ಶಾಲೆಗೂ ಹನ್ನೊಂದು ಅಂಕಿಯ ಯು–ಡೈಸ್ ಸಂಖ್ಯೆ ಇರುತ್ತದೆ. ಕರ್ನಾಟಕದ ಶಾಲೆಗಳದ್ದು 29ರಿಂದ ಆರಂಭವಾಗುತ್ತದೆ, ಸಾಮಾನ್ಯವಾಗಿ ಶಾಲೆಯ ನಾಮಫಲಕದಲ್ಲೇ ಬರೆಸಿರುತ್ತಾರೆ. ಅದನ್ನು ಯು–ಡೈಸ್ ಪ್ಲಸ್ ಜಾಲತಾಣದ ‘ನಿಮ್ಮ ಶಾಲೆಯನ್ನು ತಿಳಿಯಿರಿ’ ವಿಭಾಗದಲ್ಲಿ ಹಾಕಿದರೆ ತರಗತಿವಾರು ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಶೌಚಾಲಯ, ಗ್ರಂಥಾಲಯ ಇತ್ಯಾದಿ ವಿವರ ಸಿಗುತ್ತದೆ. ಈ ವಿವರಗಳನ್ನು ತುಂಬುವುದು ಶಾಲೆಯೇ ಎಂಬುದು ನೆನಪಿರಲಿ. ‘ಗ್ರಂಥಾಲಯ ಇದೆ’ ಎಂದರೆ ಬೀಗ ಹಾಕಿದ ಒಂದು ಬೀರುವೂ ಆಗಿರಬಹುದು. ಅಲ್ಲಿ ನಾನು ನೋಡುವುದು ಒಂದೇ ಅಂಶ: ಹೋದ ವರ್ಷ ಐದರಲ್ಲಿ ಎಷ್ಟು ಮಕ್ಕಳಿದ್ದರು, ಈ ವರ್ಷ ಆರರಲ್ಲಿ ಎಷ್ಟಿದ್ದಾರೆ, ಆರರಲ್ಲಿದ್ದವರಲ್ಲಿ ಎಷ್ಟು ಜನ ಏಳಕ್ಕೆ ಉಳಿದಿದ್ದಾರೆ. ಮಕ್ಕಳು ಆರಕ್ಕೆ ಸೇರಿ ಏಳಕ್ಕೆ ಬಿಟ್ಟುಹೋಗುತ್ತಿದ್ದರೆ ಆ ಊರಿನ ಪೋಷಕರಿಗೆ ನಮಗೆ ತಿಳಿಯದ ಏನೋ ತಿಳಿದಿದೆ.

ಪೇಟೆಯ ಶಾಲೆಯಲ್ಲಿ ಎಂಟನೇ ತರಗತಿ ಇರುವುದರಿಂದ ಮತ್ತೊಂದು ಸುಳಿವು ಸಿಗುತ್ತದೆ. ಎಂಟನೇ ತರಗತಿಯ ಮಕ್ಕಳಿಗೆ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದವರಿಗೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಕಳೆದ ಮೂರು ವರ್ಷಗಳಲ್ಲಿ ಆ ಶಾಲೆಯಿಂದ ಎಷ್ಟು ಮಕ್ಕಳು ಪರೀಕ್ಷೆ ಬರೆದರು, ಎಷ್ಟು ಜನ ಆಯ್ಕೆಯಾದರು ಎಂದು ಕೇಳಿ. ಆಯ್ಕೆಯಾದವರಿಗಿಂತ ಬರೆದವರ ಸಂಖ್ಯೆಯೇ ನನಗೆ ಮುಖ್ಯ. ತರಗತಿಯ ಮೂರು ಜಾಣ ಮಕ್ಕಳನ್ನು ಮಾತ್ರ ಕೂರಿಸುವ ಶಾಲೆಯೂ ಇದೆ, ಮೂವತ್ತು ಮಕ್ಕಳನ್ನು ಸಂಜೆ ಕೂರಿಸಿಕೊಂಡು ಅಭ್ಯಾಸ ಮಾಡಿಸುವ ಶಾಲೆಯೂ ಇದೆ. ಇದೇ ಪ್ರಶ್ನೆಯನ್ನು ಕರ್ನಾಟಕ ಪಬ್ಲಿಕ್ ಶಾಲೆಯಲ್ಲೂ ಕೇಳಬಹುದು.

ಎಂಟನೇ ತರಗತಿಯ ಮಾತು ಬಂದದ್ದರಿಂದ ಒಂದು ತೊಡಕನ್ನು ಹೇಳಿಬಿಡುತ್ತೇನೆ. ದೇಶದ ಕಾಯ್ದೆಗೆ ಪ್ರಾಥಮಿಕ ಶಿಕ್ಷಣ ಎಂದರೆ ಒಂದರಿಂದ ಎಂಟು. ನಮ್ಮ ರಾಜ್ಯದ ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು ಇಂದಿಗೂ ಏಳಕ್ಕೆ ನಿಲ್ಲುತ್ತವೆ, ಪ್ರೌಢಶಾಲೆ ಎಂಟರಿಂದ ಆರಂಭವಾಗುತ್ತದೆ. ಪಕ್ಕದೂರಿಗೆ ಸೇರಿಸಿದರೆ ಎರಡೇ ವರ್ಷಕ್ಕೆ ಮತ್ತೆ ಶಾಲೆ ಹುಡುಕಬೇಕು. ಪೇಟೆಗೆ ಸೇರಿಸಿದರೆ ಮೂರು ವರ್ಷದ ನಂತರ, ಅಂದರೆ ಪ್ರೌಢಶಾಲೆಯಲ್ಲಿ ಉಳಿದ ಮಕ್ಕಳೆಲ್ಲ ಒಂದು ವರ್ಷ ಒಟ್ಟಿಗೆ ಕಳೆದ ಮೇಲೆ, ಇವಳು ಒಂಬತ್ತಕ್ಕೆ ಹೊಸಬಳಾಗಿ ಹೋಗಬೇಕು. 2018–19ರಿಂದ ಆರಂಭವಾದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುವರೆಗೆ ಒಂದೇ ಆವರಣ ಎಂಬುದೇ ಮೂಲ ಕಲ್ಪನೆಯಾದ್ದರಿಂದ ಅಲ್ಲಿ ಈ ತೊಂದರೆಯಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ನಾನು ಇದಕ್ಕೆ ಹೆಚ್ಚು ತೂಕ ಕೊಡುತ್ತೇನೆ, ಏಕೆಂದರೆ ಶಾಲೆ ಬದಲಾಗುವ ಪ್ರತಿ ಹಂತದಲ್ಲೂ ‘ಇನ್ನು ಓದಿದ್ದು ಸಾಕು’ ಎನ್ನುವ ಯಾರೋ ಒಬ್ಬರು ಮನೆಯಲ್ಲಿ ಹುಟ್ಟಿಕೊಳ್ಳುತ್ತಾರೆ.

ಇನ್ನು ಮಾಧ್ಯಮ. ನೀವು ಕೇಳಿಲ್ಲ, ಆದರೆ ಕರ್ನಾಟಕ ಪಬ್ಲಿಕ್ ಶಾಲೆಯ ಇಂಗ್ಲಿಷ್ ವಿಭಾಗದ ಪ್ರಸ್ತಾಪ ಮಾಡಿರುವುದರಿಂದ ಮನಸ್ಸಿನಲ್ಲಿದೆ ಎಂದು ಭಾವಿಸುತ್ತೇನೆ. 2019–20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ಆರಂಭವಾಯಿತು. ಆ ಮಕ್ಕಳು 2024–25ರಲ್ಲಿ ಆರನೇ ತರಗತಿಗೆ ಬಂದರು. ಅಂಥ ವಿಭಾಗದಲ್ಲಿರುವವರು ಐದು ವರ್ಷ ಇಂಗ್ಲಿಷಿನಲ್ಲಿ ಗಣಿತ, ಪರಿಸರ ಓದಿ ಬಂದವರು. ಕನ್ನಡದಲ್ಲಿ ಓದಿದ ನಿಮ್ಮ ಮಗಳನ್ನು ಆರರಲ್ಲಿ ಅವರ ನಡುವೆ ಕೂರಿಸಿದರೆ, ವಿಷಯವೇ ಕಠಿಣವಾಗುವ ವರ್ಷದಲ್ಲಿ ಭಾಷೆಯನ್ನೂ ಬದಲಿಸಿದಂತಾಗುತ್ತದೆ. ಮನೆಯಲ್ಲಿ ನೆರವಾಗುವವರಿಲ್ಲದಿದ್ದರೆ ನಾನು ಇದನ್ನು ಸಲಹೆ ಮಾಡುವುದಿಲ್ಲ. ಕನ್ನಡ ಮಾಧ್ಯಮದಲ್ಲೂ ಇಂಗ್ಲಿಷ್ ಒಂದು ಭಾಷೆಯಾಗಿ ಒಂದನೇ ತರಗತಿಯಿಂದಲೇ ಇದೆ. ಅದನ್ನು ಚೆನ್ನಾಗಿ ಕಲಿಸುವವರು ಯಾವ ಶಾಲೆಯಲ್ಲಿದ್ದಾರೆ ಎಂದು ಹುಡುಕುವುದು ಲಾಭದ ಕೆಲಸ.

ಇದಕ್ಕೆ ಅಂಟಿಕೊಂಡೇ ಇರುವ, ಬಹಳ ಪೋಷಕರು ಪಿಯು ಮುಗಿದ ಮೇಲೆ ಕೈ ಹಿಸುಕಿಕೊಳ್ಳುವ ಸಂಗತಿ ಒಂದಿದೆ. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಾತಿ ಇದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಅಭ್ಯರ್ಥಿಗಳಿಗೆ ಮೀಸಲಾತಿ ಇದೆ. ಸಿಇಟಿಯ ಈ ಎರಡೂ ಮೀಸಲಾತಿಗಳಿಗೆ ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ, ಓದಿರಬೇಕು. ನಿಮ್ಮ ಮಗಳು ಆರಕ್ಕೆ ಇಂಗ್ಲಿಷ್ ವಿಭಾಗ ಸೇರಿದ ದಿನವೇ ಕನ್ನಡ ಮಾಧ್ಯಮದ ಹಕ್ಕು ಕೈಬಿಡುತ್ತದೆ. ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯ ವ್ಯಾಪ್ತಿಯ ಶಾಲೆ ಸೇರಿದ ದಿನವೇ ಗ್ರಾಮೀಣದ ಹಕ್ಕು ಹೋಗುತ್ತದೆ. ಹನ್ನೊಂದು ವರ್ಷದ ಮಗುವಿನ ಶಾಲೆಯನ್ನು ಮೀಸಲಾತಿ ಒಂದನ್ನೇ ನೋಡಿ ಆರಿಸಬೇಕೆಂದು ಹೇಳುತ್ತಿಲ್ಲ. ಬಿಟ್ಟುಕೊಡುವುದಾದರೆ ತಿಳಿದೇ ಬಿಟ್ಟುಕೊಡಿ. ಕರ್ನಾಟಕ ಪಬ್ಲಿಕ್ ಶಾಲೆ ಇರುವ ಊರು ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ.

ಶೌಚಾಲಯದ ವಿಷಯ ಸಣ್ಣದೆಂದು ಬಿಡಬೇಡಿ. ಆರರಿಂದ ಎಂಟರ ನಡುವೆಯೇ ಹೆಚ್ಚಿನ ಹೆಣ್ಣುಮಕ್ಕಳು ಋತುಮತಿಯರಾಗುತ್ತಾರೆ. ನೀವು ತಾಯಿಯಾಗಿದ್ದರೆ ನೀವೇ, ತಂದೆಯಾಗಿದ್ದರೆ ಮನೆಯವರನ್ನು ಜೊತೆಗೆ ಕರೆದೊಯ್ದು, ಬಾಲಕಿಯರ ಶೌಚಾಲಯದ ಒಳಗೆ ಹೋಗಿ ನೋಡಿ: ನೀರಿದೆಯೇ, ಚಿಲಕ ಹಾಕಿಕೊಳ್ಳಲು ಬರುತ್ತದೆಯೇ, ಕಸದ ಬುಟ್ಟಿ ಇದೆಯೇ. ಬೀಗ ಹಾಕಿ ಕೀಲಿಯನ್ನು ಮುಖ್ಯಶಿಕ್ಷಕರ ಮೇಜಿನ ಮೇಲೆ ಇಟ್ಟಿರುವ ಶಾಲೆಯಲ್ಲಿ, ಆ ಮೇಜಿನ ತನಕ ಹೋಗಿ ಕೀಲಿ ಕೇಳುವ ಹುಡುಗಿ ಹತ್ತರಲ್ಲಿ ಒಬ್ಬಳೂ ಇರುವುದಿಲ್ಲ. ಉಳಿದವರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಶುಚಿ ಯೋಜನೆಯ ಪ್ಯಾಡುಗಳು ಬರುತ್ತಿವೆಯೇ, ಹಂಚುವ ಶಿಕ್ಷಕಿ ಯಾರು ಎಂದೂ ವಿಚಾರಿಸಿ.

ದಾರಿಯ ಲೆಕ್ಕವನ್ನು ಕಿಲೋಮೀಟರಿನಲ್ಲಿ ಹಾಕಬೇಡಿ, ಬಸ್ಸಿನಲ್ಲಿ ಹಾಕಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಆದ್ದರಿಂದ ಒಂಬತ್ತು ಕಿಲೋಮೀಟರಿಗೆ ಖರ್ಚಿಲ್ಲ. ಆದರೆ ಬೆಳಿಗ್ಗೆ ಯಾವ ಬಸ್ಸು, ಅದು ನಿಮ್ಮೂರಿನ ಬಳಿ ನಿಲ್ಲುತ್ತದೆಯೇ, ಸಂಜೆ ಶಾಲೆ ಬಿಟ್ಟ ಮೇಲೆ ಎಷ್ಟು ಹೊತ್ತು ಕಾಯಬೇಕು, ಶನಿವಾರ ಬೆಳಗಿನ ಶಾಲೆಗೆ ಹೊಂದುವ ಬಸ್ಸು ಇದೆಯೇ? ಸಂಜೆ ಆ ನಿಲ್ದಾಣದಲ್ಲಿ ನಿಮ್ಮೂರಿನ ಕಡೆಗೆ ಬರುವ ಬೇರೆ ಹುಡುಗಿಯರು ಇಬ್ಬರು ಮೂವರಾದರೂ ಇದ್ದರೆ ಅರ್ಧ ಚಿಂತೆ ಕಳೆಯುತ್ತದೆ. ಬಿಸಿಯೂಟ, ಹಾಲು, ಮೊಟ್ಟೆ, ಪಠ್ಯಪುಸ್ತಕ, ಸಮವಸ್ತ್ರ ಮೂರೂ ಕಡೆ ಸಿಗುವಂಥವು. ಹೋಲಿಕೆಗೆ ಅದನ್ನು ತರಬೇಕಿಲ್ಲ.

ಪ್ರವೇಶ ಪರೀಕ್ಷೆಯ ಶಾಲೆಗಳಾದ ನವೋದಯ, ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ ಎಲ್ಲವೂ ಆರನೇ ತರಗತಿಗೇ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಮಗಳು ಪರೀಕ್ಷೆ ಬರೆದಿದ್ದರೆ ಫಲಿತಾಂಶ ಕಾಯಿರಿ, ಸೀಟು ಸಿಕ್ಕರೆ ಆಗ ಯೋಚಿಸೋಣ. ಆದರೆ ಅವುಗಳ ಫಲಿತಾಂಶವನ್ನು ನಿಮ್ಮ ಈ ಮೂರು ಶಾಲೆಗಳ ಪಕ್ಕದಲ್ಲಿಟ್ಟು ಅಳೆಯಬೇಡಿ. ಆರಿಸಿ ತೆಗೆದುಕೊಂಡ ಮಕ್ಕಳಿರುವ ಶಾಲೆಗೂ ಬಂದವರನ್ನೆಲ್ಲ ಸೇರಿಸಿಕೊಳ್ಳುವ ಶಾಲೆಗೂ ಹೋಲಿಕೆಯೇ ಅಲ್ಲ.

ನೀವು ಕೊಟ್ಟ ವಿವರಗಳ ಮೇಲೆ ನನ್ನ ಅಭಿಪ್ರಾಯ ಹೇಳಬೇಕಾದರೆ, ಕರ್ನಾಟಕ ಪಬ್ಲಿಕ್ ಶಾಲೆಯ ಕನ್ನಡ ಮಾಧ್ಯಮದ ವಿಭಾಗವನ್ನು ಮೊದಲಿಗೆ ಇಡುತ್ತೇನೆ, ಎರಡು ಷರತ್ತುಗಳ ಮೇಲೆ. ಅಲ್ಲಿ ಗಣಿತ–ವಿಜ್ಞಾನಕ್ಕೆ ಕಾಯಂ ಶಿಕ್ಷಕರಿರಬೇಕು. ಮತ್ತು 52 ಮಕ್ಕಳ ಆ ತರಗತಿಯನ್ನು ಎರಡು ವಿಭಾಗ ಮಾಡುವ ಉದ್ದೇಶ ಶಾಲೆಗಿರಬೇಕು, ಇಲ್ಲವಾದರೆ ನೋಟ್‌ಬುಕ್‌ಗಳಾದರೂ ನಾನು ಹೇಳಿದಂತೆ ತಿದ್ದಿದವಾಗಿರಬೇಕು. 52 ಎಂಬುದು ಕಾಯ್ದೆಯ 35ಕ್ಕಿಂತ ಬಹಳ ದೂರದ ಸಂಖ್ಯೆ, ಹಿಂದಿನ ಬೆಂಚಿನಲ್ಲಿ ಕೂರುವ ಮೆತ್ತಗಿನ ಮಗು ಅಲ್ಲಿ ಕಳೆದುಹೋಗಬಹುದು. ನಿಮ್ಮ ಮಗಳು ಕೈ ಎತ್ತಿ ಕೇಳುವ ಹುಡುಗಿಯೇ, ಕೇಳದೆ ಸುಮ್ಮನಿರುವವಳೇ ಎಂಬುದು ನಿಮಗೇ ಗೊತ್ತು. ಸುಮ್ಮನಿರುವವಳಾಗಿದ್ದು, ಪಕ್ಕದೂರಿನ ಶಾಲೆಯ ಆರು–ಏಳರ ಶಿಕ್ಷಕರು ನಿಜಕ್ಕೂ ಒಳ್ಳೆಯವರೆಂದು ನೋಟ್‌ಬುಕ್ ಹೇಳಿದರೆ, ಅಲ್ಲಿಗೆ ಸೇರಿಸಿ ಎಂಟಕ್ಕೆ ಕರ್ನಾಟಕ ಪಬ್ಲಿಕ್ ಶಾಲೆಗೆ ಕಳುಹಿಸುವುದು ತಪ್ಪಲ್ಲ. ಆದರೆ ಆ ಒಬ್ಬ ಶಿಕ್ಷಕರು ಈ ಬಾರಿಯ ವರ್ಗಾವಣೆ ಕೌನ್ಸೆಲಿಂಗ್‌ಗೆ ಅರ್ಜಿ ಹಾಕಿದ್ದಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಅವರು ಹೋದರೆ ಆ ಆಯ್ಕೆಯೂ ಅವರೊಟ್ಟಿಗೆ ಹೋದಂತೆ. ಪೇಟೆಯ ಶಾಲೆ ನನ್ನ ಲೆಕ್ಕದಲ್ಲಿ ಮೂರನೆಯದು. ಎರಡು ವರ್ಷದಿಂದ ಖಾಲಿಯಿರುವ ಹುದ್ದೆ ಮೇ ತಿಂಗಳೊಳಗೆ ಭರ್ತಿಯಾದರೆ ಈ ಕ್ರಮವನ್ನು ಮತ್ತೊಮ್ಮೆ ಯೋಚಿಸಬಹುದು, ಆದರೂ ಆ ಪೇಟೆ ನಗರಸಭೆ ಅಥವಾ ಪಟ್ಟಣ ಪಂಚಾಯಿತಿಯ ವ್ಯಾಪ್ತಿಯಲ್ಲಿದ್ದರೆ ಗ್ರಾಮೀಣ ಮೀಸಲಾತಿ ಹೋಗುವ ನಷ್ಟ ಹಾಗೆಯೇ ಉಳಿಯುತ್ತದೆ.

ಶಾಲೆಗಳನ್ನು ನೋಡಲು ಜೂನ್‌ವರೆಗೆ ಕಾಯಬೇಡಿ. ದಾಖಲಾತಿ ಆಂದೋಲನದ ತೋರಣದ ನಡುವೆ ಎಲ್ಲ ಶಾಲೆಗಳೂ ಚೆನ್ನಾಗಿಯೇ ಕಾಣುತ್ತವೆ. ಜನವರಿ–ಫೆಬ್ರುವರಿಯಲ್ಲಿ, ನೋಟ್‌ಬುಕ್‌ಗಳು ತುಂಬಿರುವಾಗ, ಒಂದು ಶನಿವಾರ ಬೆಳಿಗ್ಗೆ ಹೇಳದೆ ಹೋಗಿ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆ ಸಮಿತಿಯಲ್ಲಿ ಹೆಚ್ಚಿನವರು ಪೋಷಕರೇ. ಶಾಲೆ ತೀರ್ಮಾನವಾದ ಮೇಲೆ ಈಗಿನ ಶಾಲೆಯಿಂದ ವರ್ಗಾವಣೆ ಪತ್ರ ಕೇಳಿ, ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸ್ಯಾಟ್ಸ್ ಸಂಖ್ಯೆಯಲ್ಲಿ ಮಗಳದ್ದನ್ನು ಬರೆದಿಟ್ಟುಕೊಳ್ಳಿ. ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಪ್ರಕರಣ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಯಾರಾದರೂ ತಕರಾರು ತೆಗೆದರೆ ಸುತ್ತಲಿನ ಶಾಲೆಗಳ ಗುಂಪಿಗೆ ಸಂಪನ್ಮೂಲ ವ್ಯಕ್ತಿಯಾದ ಕ್ಲಸ್ಟರ್‌ನ ಸಿಆರ್‌ಪಿಯವರಿಗೆ, ಅಲ್ಲೂ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಒಂದು ಹಾಳೆಯಲ್ಲಿ ಬರೆದು ಕೊಟ್ಟು, ಇನ್ನೊಂದು ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.